ಬೆಲ್ಲದ ತಿಂಡಿ ಅಂದರೆ ಮಕ್ಕಳಿಗೆ ಎಷ್ಟಾದರೂ ಕೊಡಬಹುದೇ?

ಪ್ರಶ್ನೆ: ಮಗಳಿಗೆ ಆರು ವರ್ಷ. ಚಾಕಲೇಟು, ಕ್ರೀಂ ಬಿಸ್ಕತ್ತು ಬಿಡಿಸಿದ್ದೇವೆ. ಮನೆಗೆ ಸಕ್ಕರೆಯನ್ನೇ ತರುವುದಿಲ್ಲ. ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ, ಶಾಲೆಗೆ ಎಳ್ಳುಂಡೆ, ಸಂಜೆ ಟೀ ಜೊತೆ ಶೇಂಗಾ ಚಿಕ್ಕಿ. ಆದರೂ ಹಲ್ಲಿನ ಡಾಕ್ಟರು ಎರಡು ಹಲ್ಲು ಹುಳುಕಾಗಿದೆ, ಸಿಹಿ ಕಡಿಮೆ ಮಾಡಿ ಎಂದರು. ಬೆಲ್ಲ ಒಳ್ಳೆಯದಲ್ಲವೇ? ಅದರಲ್ಲಿ ಕಬ್ಬಿಣಾಂಶವೂ ಇದೆಯಲ್ಲ?
– ತೀರ್ಥಹಳ್ಳಿ ಕಡೆಯ ತಾಯಿ

ಉತ್ತರ: ಇದೇ ಪ್ರಶ್ನೆ ಸಾಗರದಿಂದ, ಹೊಸನಗರದಿಂದ, ಕೊಪ್ಪದಿಂದ ಬರುತ್ತಲೇ ಇರುತ್ತದೆ. ಎಷ್ಟು ಸಲ ಉತ್ತರಿಸಿದರೂ ಮುಂದಿನ ಆಲೆಮನೆ ಹಂಗಾಮಿಗೆ ಮತ್ತೆ ಹಾಜರು. ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ಕ್ರೀಂ ಬಿಸ್ಕತ್ತು ಬಿಡಿಸಿದ್ದು ಒಳ್ಳೆಯ ಕೆಲಸ, ಅದನ್ನು ಮತ್ತೆ ಶುರು ಮಾಡಬೇಡಿ. ಆದರೆ ಹಲ್ಲಿಗಾಗಲಿ ತೂಕಕ್ಕಾಗಲಿ ಬೆಲ್ಲವೂ ಸಕ್ಕರೆಯೇ.

ಆಲೆಮನೆಯಲ್ಲಿ ಏನಾಗುತ್ತದೆ ಎಂಬುದನ್ನು ನೀವು ಕಣ್ಣಾರೆ ನೋಡಿರುತ್ತೀರಿ. ಕಬ್ಬಿನ ಹಾಲನ್ನು ಕೊಪ್ಪರಿಗೆಗೆ ಸುರಿದು, ಬೆಂಕಿ ಉರಿಸಿ, ಮೇಲೆ ಬಂದ ಕೊಳೆ ತೆಗೆಯುತ್ತಾ ನೀರು ಇಂಗಿಸುತ್ತಾರೆ. ಇಂಗುವುದು ನೀರು ಮಾತ್ರ. ಕಬ್ಬಿನ ಸಕ್ಕರೆ ಪೂರ್ತಿ ಕೊಪ್ಪರಿಗೆಯಲ್ಲೇ ಉಳಿಯುತ್ತದೆ. ಕಾರ್ಖಾನೆಯಲ್ಲಿ ಇದೇ ರಸದಿಂದ ಹರಳನ್ನು ಬೇರ್ಪಡಿಸಿ, ಉಳಿದ ಕಪ್ಪು ಪಾಕವಾದ ಕಾಕಂಬಿಯನ್ನು ಹೊರಗೆ ಹಾಕುತ್ತಾರೆ, ಬೆಲ್ಲದಲ್ಲಿ ಆ ಕಾಕಂಬಿಯೂ ಜೊತೆಗಿರುತ್ತದೆ. ಬಣ್ಣ, ಪರಿಮಳ, ಒಂದಿಷ್ಟು ಖನಿಜ ಅದರಿಂದಲೇ ಬರುವುದು. ನೂರು ಗ್ರಾಂ ಸಕ್ಕರೆಯಲ್ಲಿ ಸುಮಾರು 400 ಕ್ಯಾಲೊರಿ, ನೂರು ಗ್ರಾಂ ಅಚ್ಚುಬೆಲ್ಲದಲ್ಲಿ ಸುಮಾರು 380. ವ್ಯತ್ಯಾಸ ಇಷ್ಟೇ.

ಈಗ ಕಬ್ಬಿಣಾಂಶದ ವಿಷಯ. ಈ ನಂಬಿಕೆಯನ್ನು ಬಿಡಿಸುವುದು ಬಹಳ ಕಷ್ಟ, ಹಾಗಾಗಿ ಲೆಕ್ಕವನ್ನೇ ಮುಂದಿಡುತ್ತೇನೆ. ಬೆಲ್ಲದಲ್ಲಿ ನೂರು ಗ್ರಾಮಿಗೆ 5 ಮಿಲಿಗ್ರಾಂ ಆಸುಪಾಸು ಕಬ್ಬಿಣಾಂಶ ಸಿಗುತ್ತದೆ. ಕುದಿಸಿದ ಪಾತ್ರೆ, ಕಬ್ಬಿನ ಜಾತಿ, ಮಣ್ಣು ನೋಡಿಕೊಂಡು ಹೆಚ್ಚುಕಡಿಮೆ ಆಗುತ್ತದೆ. ನಿಮ್ಮ ಮಗಳ ವಯಸ್ಸಿಗೆ ದಿನಕ್ಕೆ ಬೇಕಾದದ್ದು 11 ಮಿಲಿಗ್ರಾಂ. ಬೆಲ್ಲದಿಂದಲೇ ಅದನ್ನು ತುಂಬಿಸುತ್ತೇನೆಂದರೆ ದಿನಾ ಇನ್ನೂರು ಗ್ರಾಮಿಗಿಂತ ಹೆಚ್ಚು ಬೆಲ್ಲ ತಿನ್ನಿಸಬೇಕು! ಹತ್ತು ಗ್ರಾಂ ಬೆಲ್ಲದ ತುಂಡಿನಲ್ಲಿರುವುದು ಅರ್ಧ ಮಿಲಿಗ್ರಾಂ, ಅದರಲ್ಲೂ ಮೈಗೆ ಹತ್ತುವುದು ಸಣ್ಣ ಪಾಲು. ಸರ್ಕಾರಿ ಶಾಲೆಗಳಲ್ಲಿ 5ರಿಂದ 9 ವರ್ಷದ ಮಕ್ಕಳಿಗೆ ವಾರಕ್ಕೊಂದು ಕೊಡುವ ಗುಲಾಬಿ ಬಣ್ಣದ ಮಾತ್ರೆಯಲ್ಲಿ 45 ಮಿಲಿಗ್ರಾಂ ಕಬ್ಬಿಣಾಂಶ ಇರುತ್ತದೆ. "ನಾವು ಬೆಲ್ಲ ಕೊಡುತ್ತೇವೆ, ಮಾತ್ರೆ ಬೇಡ" ಎಂದು ಅದನ್ನು ಬೇಡವೆನ್ನುವ ಮನೆಗಳಿವೆ. ದಯವಿಟ್ಟು ಹಾಗೆ ಮಾಡಬೇಡಿ. ಮಗು ಬಿಳಿಚಿಕೊಂಡಿದ್ದರೆ, ಬೇಗ ಸುಸ್ತಾಗುತ್ತಿದ್ದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.

ನಿಮ್ಮ ಎಳ್ಳುಂಡೆಯಲ್ಲಿ ಕಬ್ಬಿಣಾಂಶ ಇರುವುದು ನಿಜ. ಆದರೆ ಅದರ ಹೆಚ್ಚಿನ ಪಾಲು ಎಳ್ಳಿನದು. ಎಳ್ಳಿನಲ್ಲಿ ಬೆಲ್ಲದ ಎರಡರಷ್ಟಕ್ಕೂ ಹೆಚ್ಚು ಕಬ್ಬಿಣವಿದೆ, ಸಿಪ್ಪೆ ತೆಗೆಯದ ಎಳ್ಳಿನಲ್ಲಿ ಕ್ಯಾಲ್ಸಿಯಂ ಧಾರಾಳ. ಹಾಗಾಗಿ ಉಂಡೆಗೆ ಎಳ್ಳು ಹೆಚ್ಚು ಮಾಡಿ, ಕಟ್ಟಲು ಬೇಕಾದಷ್ಟೇ ಬೆಲ್ಲ ಹಾಕಿ. ಶೇಂಗಾ ಉಂಡೆಗೂ ಅದೇ ಮಾತು. ಮನೆಯಲ್ಲಿ ನಾಲ್ಕೈದು ವರ್ಷದೊಳಗಿನ ಮಗು ಇದ್ದರೆ ಇಡೀ ಶೇಂಗಾ ಕೊಡಬೇಡಿ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಪುಡಿ ಮಾಡಿಯೇ ಉಂಡೆ ಕಟ್ಟಿ.

ಹಾಗಾದರೆ ಎಷ್ಟು ಸಿಹಿ ಕೊಡಬಹುದು? ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ್ದು ಹೀಗೆ: ನಾವು ಬೆರೆಸುವ ಎಲ್ಲ ಸಿಹಿ, ಅಂದರೆ ಸಕ್ಕರೆ, ಪಾಕ, ಜೇನು, ಹಣ್ಣಿನ ಜ್ಯೂಸು ಎಲ್ಲ ಸೇರಿ ದಿನದ ಕ್ಯಾಲೊರಿಯ ಶೇ 10ರ ಒಳಗಿರಬೇಕು, ಶೇ 5ರ ಒಳಗಿದ್ದರೆ ಇನ್ನೂ ಒಳ್ಳೆಯದು. ಆರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1360 ಕ್ಯಾಲೊರಿ ಬೇಕು. ಶೇ 5 ಎಂದರೆ 17 ಗ್ರಾಂ ಸಕ್ಕರೆ, ಶೇ 10 ಎಂದರೆ 34 ಗ್ರಾಂ. ನಿಮ್ಮ ಮನೆಯ ದಿನಚರಿ ನೋಡಿ. ಜೋನಿಬೆಲ್ಲದ ಒಂದು ದೊಡ್ಡ ಚಮಚ 20 ಗ್ರಾಂ ತೂಗುತ್ತದೆ, ನೀರಿನಂಶ ಕಳೆದರೂ 13 ಗ್ರಾಂ ಸಿಹಿ. ದೋಸೆಗೆ ಎರಡು ಚಮಚ ಹಾಕಿದರೆ ಶಾಲೆಯ ಗಂಟೆ ಬಾರಿಸುವ ಮೊದಲೇ 26 ಗ್ರಾಂ ಆಯಿತು. ನಿಂಬೆಗಾತ್ರದ ಎಳ್ಳುಂಡೆಯಲ್ಲಿ ಎಂಟೊಂಬತ್ತು ಗ್ರಾಂ. ಅಲ್ಲಿಗೆ 34 ಮುಟ್ಟಿತು. ಚಿಕ್ಕಿ, ಟೀಗೆ ಹಾಕಿದ ಬೆಲ್ಲ ಇನ್ನೂ ಬಾಕಿ ಇದೆ.

ಹಲ್ಲಿನ ವಿಚಾರದಲ್ಲಿ ಮಾತ್ರ ಪ್ರಮಾಣಕ್ಕಿಂತ ಮುಖ್ಯವಾದದ್ದು ಎಷ್ಟು ಸಲ ತಿನ್ನುತ್ತಾರೆ, ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂಬುದು. ಬಾಯಲ್ಲಿರುವ ಬ್ಯಾಕ್ಟೀರಿಯಾ ಸಿಹಿಯನ್ನು ಆಮ್ಲವಾಗಿ ಮಾಡುತ್ತದೆ, ಪ್ರತಿ ಸಲ ಸಿಹಿ ತಿಂದಾಗಲೂ ಅರ್ಧ ಗಂಟೆ ಹಲ್ಲು ಆ ಆಮ್ಲದಲ್ಲಿ ನೆನೆಯುತ್ತದೆ. ಆ ಬ್ಯಾಕ್ಟೀರಿಯಾಕ್ಕೆ ಬೆಲ್ಲ ಯಾವುದು, ಸಕ್ಕರೆ ಯಾವುದು ಎಂಬ ಭೇದವಿಲ್ಲ. ಸ್ವೀಡನ್ನಿನ ವಿಪೆಹೋಲ್ಮ್ ಆಸ್ಪತ್ರೆಯಲ್ಲಿ 1940ರ ದಶಕದಲ್ಲಿ ನಡೆದ ಪ್ರಯೋಗದಲ್ಲಿ, ಊಟದ ಜೊತೆ ಸಿಹಿ ತಿಂದವರಿಗಿಂತ ಊಟಗಳ ನಡುವೆ ಅಂಟುವ ಟಾಫಿ ತಿಂದವರ ಹಲ್ಲು ಬಹಳ ಹೆಚ್ಚು ಹಾಳಾಯಿತು. ಬುದ್ಧಿಮಾಂದ್ಯ ರೋಗಿಗಳ ಮೇಲೆ ನಡೆಸಿದ ಆ ಪ್ರಯೋಗ ಅನ್ಯಾಯದ್ದು, ಇಂದು ಯಾರೂ ಅದನ್ನು ಒಪ್ಪುವುದಿಲ್ಲ. ಆದರೆ ಅದರಿಂದ ತಿಳಿದದ್ದನ್ನು ನಮ್ಮ ಮಕ್ಕಳಿಗಾಗಿ ಬಳಸಿಕೊಳ್ಳದಿದ್ದರೆ ಇನ್ನೂ ದೊಡ್ಡ ತಪ್ಪಾಗುತ್ತದೆ. ಚಿಕ್ಕಿಯೂ ಟಾಫಿಯ ಹಾಗೆಯೇ ಹಲ್ಲಿನ ಸಂದಿಯಲ್ಲಿ ಕೂರುತ್ತದೆ. ಆದ್ದರಿಂದ ದಿನಕ್ಕೆ ಒಂದೇ ಸಿಹಿ, ಅದೂ ಮಧ್ಯಾಹ್ನದ ಅಥವಾ ರಾತ್ರಿಯ ಊಟದ ಬೆನ್ನಿಗೇ, ಆಮೇಲೆ ಬಾಯಿ ಮುಕ್ಕಳಿಸುವುದು, ಮಲಗುವ ಮುಂಚೆ ಹಲ್ಲುಜ್ಜುವುದು.

ಸಂಜೆ ನಾಲ್ಕೂವರೆಗೆ ಬಸ್ಸಿಳಿದು ಬರುವ ಮಗುವಿಗೆ ಬೇಕಿರುವುದು ಹೊಟ್ಟೆ ತುಂಬುವ ತಿಂಡಿ. ಹೆಸರುಕಾಳಿನ ಉಸಲಿ, ಬೇಯಿಸಿದ ಗೆಣಸು, ಕಾಯಿತುರಿ ಹಾಕಿದ ಅವಲಕ್ಕಿ, ಮಂಡಕ್ಕಿಗೆ ಹುರಿದ ಶೇಂಗಾ, ತಿನ್ನುವವರಾದರೆ ಮೊಟ್ಟೆ. ಮಳೆಗಾಲದಲ್ಲಿ ಹಲಸಿನ ಬೀಜ ಬೇಯಿಸಿಯೋ ಕೆಂಡದಲ್ಲಿ ಸುಟ್ಟೋ ಕೊಡಿ. ಹಲಸಿನ ಹಣ್ಣಿನ ಕಡುಬಿಗೆ ಹಣ್ಣು ಚೆನ್ನಾಗಿ ಕಳಿತಿದ್ದರೆ ನೀವು ಹಾಕುವ ಬೆಲ್ಲದಲ್ಲಿ ಅರ್ಧ ಸಾಕು. ಇಡಿಯಾಗಿ ತಿನ್ನುವ ಹಣ್ಣಿನ ಸಿಹಿ ಮೇಲಿನ ಲೆಕ್ಕಕ್ಕೆ ಸೇರುವುದೇ ಇಲ್ಲ, ಬಾಳೆಹಣ್ಣು, ಪೇರಳೆ, ನೇರಳೆ ಧೈರ್ಯವಾಗಿ ಕೊಡಿ.

"ಬೆಲ್ಲದ್ದು", "ರಾಗಿಯದ್ದು" ಎಂದು ದೊಡ್ಡದಾಗಿ ಬರೆದ ಪೊಟ್ಟಣ ತರುವಾಗ ಹಿಂಬದಿ ತಿರುಗಿಸಿ ನೋಡಿ. ಯಾವುದು ಹೆಚ್ಚು ತೂಕ ಹಾಕಿದ್ದಾರೋ ಅದನ್ನೇ ಮೊದಲು ಬರೆಯಬೇಕೆಂಬುದು ನಿಯಮ. ಮೈದಾ ಮೊದಲಿದ್ದು ರಾಗಿ ಕೊನೆಯಲ್ಲಿದ್ದರೆ ಅದು ಮೈದಾ ಬಿಸ್ಕತ್ತೇ.

ಜಾತ್ರೆಯ ದಿನ ತಲೆ ಕೆಡಿಸಿಕೊಳ್ಳಬೇಡಿ. ಶಿವಮೊಗ್ಗದ ಕೋಟೆ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ, ಸಾಗರದ್ದು ಮೂರು ವರ್ಷಕ್ಕೊಮ್ಮೆ. ಆ ಸಿಹಿಯಿಂದ ಯಾವ ಹಲ್ಲೂ ಹಾಳಾಗುವುದಿಲ್ಲ. ಬೊಂಬಾಯಿ ಮಿಠಾಯಿ ಮಾತ್ರ ಬಣ್ಣವಿಲ್ಲದ್ದನ್ನೇ ಕೊಡಿಸಿ. ರೋಡಮೈನ್-ಬಿ ಎಂಬ ಗುಲಾಬಿ ಬಣ್ಣ ಬೆರೆಸುವುದನ್ನು ನಮ್ಮ ರಾಜ್ಯ ಸರ್ಕಾರ 2024ರ ಮಾರ್ಚ್‌ನಲ್ಲಿ ನಿಷೇಧಿಸಿದೆ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಆರು ವರ್ಷದ ಮಗುವಿಗೆ ಟೀ ಯಾಕೆ? ಕಬ್ಬಿಣಾಂಶ ಸಿಗಲಿ ಎಂದು ಎಳ್ಳು, ಶೇಂಗಾ ತಿನ್ನಿಸಿ ಜೊತೆಗೇ ಟೀ ಕೊಟ್ಟರೆ, ಟೀಯಲ್ಲಿರುವ ಒಗರು ಆ ಕಬ್ಬಿಣವನ್ನು ಹಿಡಿದಿಟ್ಟು ಮೈಗೆ ಸೇರದಂತೆ ಮಾಡುತ್ತದೆ. ಕಾಫಿಯೂ ಹಾಗೆಯೇ. ಬದಲಿಗೆ ಉಸಲಿಗೆ ನಿಂಬೆಹಣ್ಣು ಹಿಂಡಿ, ಊಟಕ್ಕೆ ನೆಲ್ಲಿಕಾಯಿ ತಂಬುಳಿ ಮಾಡಿ. ಇವೆರಡರಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಹೀರಿಕೊಳ್ಳಲು ನೆರವಾಗುತ್ತದೆ. ಅಜ್ಜ ಅಜ್ಜಿ ಟೀ ಕುಡಿಯುವಾಗ ತನಗೂ ಒಂದು ಲೋಟ ಬೇಕು ಎಂದು ಮಗಳು ಹಟ ಮಾಡಿದರೆ ಕೊತ್ತಂಬರಿ, ಜೀರಿಗೆ ಹುರಿದು ಪುಡಿ ಮಾಡಿದ ಕಷಾಯಕ್ಕೆ ಹಾಲು ಹಾಕಿ ಕೊಡಿ. ಕಾಳುಮೆಣಸು ಒಂದೆರಡು ಸಾಕು. ಬೆಲ್ಲ ಅರ್ಧ ಚಮಚ, ಮಧ್ಯಾಹ್ನ ಉಂಡೆ ತಿಂದಿದ್ದರೆ ಅದೂ ಬೇಡ.