ಮಣ್ಣಿನ ಕುಂಡಕ್ಕೆ ಬಳಿದ ಬಣ್ಣ ಯಾಕೆ ಉದುರುತ್ತದೆ?

ಓದುಗರ ಪ್ರಶ್ನೆ: ಹಳೆಯ ಮಣ್ಣಿನ ಹೂಕುಂಡಗಳಿಗೆ ಬಣ್ಣ ಬಳಿದು, ಒಂದರ ಮೇಲೊಂದು ವಾಲಿಸಿಟ್ಟು, ಗಿಡ ನೆಟ್ಟು ಗೋಪುರದ ಹಾಗೆ ಮಾಡಿದ್ದೆವು. ಕೆಲವೇ ತಿಂಗಳಲ್ಲಿ ಬಣ್ಣ ಗುಳ್ಳೆ ಎದ್ದು ಹಕ್ಕಳೆಯಾಗಿ ಉದುರಿತು. ಮಳೆಯಿಂದ ಹೀಗಾಯಿತೇ? ಇನ್ನೂ ದುಬಾರಿ ಬಣ್ಣ ತರಬೇಕಿತ್ತೇ?

ಉತ್ತರ: ಇಂಥ ಕಡೆ ಬಣ್ಣವನ್ನು ಕೀಳುವುದು ಹೆಚ್ಚಾಗಿ ಕುಂಡದ ಒಳಗಿನ ನೀರು. ಹೊಳಪು ಕೊಡದ ಸುಟ್ಟ ಮಣ್ಣಿನ ಮೈತುಂಬ ಸೂಕ್ಷ್ಮ ರಂಧ್ರಗಳಿರುತ್ತವೆ. ಗಿಡಕ್ಕೆ ಹಾಕಿದ ನೀರು ಗೋಡೆಯೊಳಗೆ ಹೀರಿಕೊಂಡು ಹೊರಮೈಗೆ ಬಂದು ಆರಿಹೋಗುತ್ತದೆ. ಹೊರಗೆ ಬಣ್ಣದ ಪೊರೆ ಅಡ್ಡ ನಿಂತಾಗ ತೇವ ಅದರ ಹಿಂದೆಯೇ ನಿಲ್ಲುತ್ತದೆ, ಬಿಸಿಲಿಗೆ ಆವಿಯಾಗಿ ಪೊರೆಯನ್ನು ಎಬ್ಬಿಸುತ್ತದೆ. ಜೊತೆಗೆ ನೀರು, ಗೊಬ್ಬರದಲ್ಲಿನ ಲವಣಗಳೂ ಅಲ್ಲೇ ಹರಳುಗಟ್ಟುತ್ತವೆ. ಹರಳು ಬೆಳೆದಂತೆಲ್ಲ ಬಣ್ಣದ ಜೊತೆ ಮಣ್ಣಿನ ತೆಳು ಪದರವೂ ಕಿತ್ತುಬರುತ್ತದೆ. ಉದುರಿದ ಹಕ್ಕಳೆಯನ್ನು ತಿರುಗಿಸಿ ನೋಡಿ: ಹಿಂಬದಿಯಲ್ಲಿ ಬಿಳಿ ಪುಡಿ ಅಥವಾ ಕೆಂಪು ಮಣ್ಣು ಅಂಟಿದ್ದರೆ ಕಾರಣ ಇದೇ. ಎನಾಮಲ್‌ನಂಥ ಎಣ್ಣೆ ಬಣ್ಣ ಆವಿಯನ್ನು ಹೊರಬಿಡುವುದು ಬಹಳ ಕಡಿಮೆ. ಹಾಗಾಗಿ ಅದು ದೊಡ್ಡ ದೊಡ್ಡ ಹಾಳೆಯಾಗಿ ಏಳುತ್ತದೆ.

ಆದ್ದರಿಂದ ಬಣ್ಣ ಆರಿಸುವ ಮೊದಲು ಕುಂಡದೊಳಗೆ ಒದ್ದೆ ಮಣ್ಣು ಇರುತ್ತದೆಯೇ ಎಂದು ತೀರ್ಮಾನಿಸಿಕೊಳ್ಳಿ. ಬರಿದಾಗಿ, ಅಲಂಕಾರಕ್ಕಷ್ಟೇ ಇಡುವುದಾದರೆ ಹೊರಗೋಡೆಗೆ ಬಳಿಯುವ ಅಕ್ರಿಲಿಕ್ ಎಮಲ್ಷನ್ ಸಾಕು. ನೆಲದ ತೇವ ತಳದಿಂದ ಏರದಂತೆ ಕೆಳಗೆ ಮೂರು ಕಲ್ಲಿಡಿ. ಗಿಡ ಇರಬೇಕೆಂದರೆ ಅದನ್ನು ಸ್ವಲ್ಪ ಚಿಕ್ಕ ಪ್ಲಾಸ್ಟಿಕ್ ಕುಂಡದಲ್ಲಿ ನೆಟ್ಟು ಮಣ್ಣಿನ ಕುಂಡದೊಳಗೆ ಇಳಿಸುವುದೇ ಎಲ್ಲಕ್ಕಿಂತ ಒಳ್ಳೆಯ ಉಪಾಯ. ನೀರು ಗೋಡೆಗೆ ತಾಗುವುದಿಲ್ಲ. ಗೋಪುರದಲ್ಲಿ ಕುಂಡಗಳನ್ನು ಹಿಡಿದಿಡಲು ತಳದ ತೂತುಗಳ ಮೂಲಕ ನಡುವೆ ಕಬ್ಬಿಣದ ಸರಳು ಹಾಯುವುದರಿಂದ ಇದು ಆಗದು. ಅಲ್ಲಿ ಒಳಮೈಗೆ ಅಂಚಿನವರೆಗೂ ಎರಡು ಕೈ ಅಕ್ರಿಲಿಕ್ ವಾಟರ್‌ಪ್ರೂಫಿಂಗ್ ಹಚ್ಚಬೇಕು, ಇಲ್ಲವೇ ಹೊರಮೈಗೆ ಬಣ್ಣದ ಬದಲು ಸುಣ್ಣ ಬಳಿಯಬೇಕು.

ನಮ್ಮ ಒಲವು ಸುಣ್ಣದ ಕಡೆಗೇ. ಅದು ಆವಿಯನ್ನು ತಡೆಯುವುದಿಲ್ಲ, ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ನಿಧಾನವಾಗಿ ಕಲ್ಲಾಗುತ್ತದೆ. ಹಳತಾದಾಗ ಹಾಳೆಯಾಗಿ ಏಳದೆ ಸವೆಯುತ್ತದೆ, ಮೇಲೊಂದು ಕೈ ಬಳಿದರೆ ಮುಗಿಯಿತು. ಅಳತೆ: ಒಂದು ಪಾಲು ಅರಳಿದ ಸುಣ್ಣಕ್ಕೆ ಮೂರರಿಂದ ನಾಲ್ಕು ಪಾಲು ನೀರು. ಹಾಲಿನಷ್ಟು ತೆಳುವಿರಲಿ, ಬಟ್ಟೆಯಲ್ಲಿ ಸೋಸಿ. ಬಣ್ಣ ಬೇಕಿದ್ದರೆ ಕೆಮ್ಮಣ್ಣು ಅಥವಾ ಐರನ್ ಆಕ್ಸೈಡ್ ಪುಡಿಯನ್ನು ಸುಣ್ಣದ ತೂಕದ ಶೇ. 5ರಷ್ಟು ಬೆರೆಸಿ. ಕುಂಡವನ್ನು ಮೊದಲು ನೀರು ಚಿಮುಕಿಸಿ ತೇವ ಮಾಡಿಕೊಳ್ಳಿ, ನೆರಳಿನಲ್ಲಿ ಮೂರು ತೆಳು ಕೈ ಬಳಿಯಿರಿ, ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ದಿನ ಬಿಡಿ. ದಪ್ಪಗೆ ಬಳಿದರೆ ಅಥವಾ ಬಿಸಿಲಲ್ಲಿ ಬೇಗ ಒಣಗಿದರೆ ಕೈಗೆ ಪುಡಿ ಹತ್ತುತ್ತದೆ. ಸುಣ್ಣ ಚರ್ಮವನ್ನೂ ಕಣ್ಣನ್ನೂ ಸುಡುತ್ತದೆ. ಕೈಗವಸು, ಕನ್ನಡಕ ಮರೆಯಬೇಡಿ.

ಯಾವ ಬಣ್ಣವಾದರೂ ಹಳೆಯ ಉಪ್ಪು ಮೊದಲು ಹೋಗಬೇಕು. ಗಟ್ಟಿ ಬ್ರಷ್‌ನಿಂದ ಒಣಗಿದ್ದಾಗಲೇ ಉಜ್ಜಿ, ಆಮೇಲೆ ಒಂದು ಪಾಲು ವಿನೆಗರ್, ಎರಡು ಪಾಲು ನೀರಿನಲ್ಲಿ ಅರ್ಧ ಗಂಟೆ ನೆನೆಸಿ ಮತ್ತೆ ಉಜ್ಜಿ. ಬಳಿಕ ಒಂದು ದಿನ ಬರಿಯ ನೀರಿನಲ್ಲಿ ಮುಳುಗಿಸಿಟ್ಟು, ನಡುವೆ ಎರಡು ಬಾರಿ ನೀರು ಬದಲಿಸಿ. ಪಾಚಿ ತೆಗೆಯಲೆಂದು ಬ್ಲೀಚ್ ಅನ್ನು ವಿನೆಗರ್ ಜೊತೆ ಸೇರಿಸಲೇಬೇಡಿ, ವಿಷಕಾರಿ ಕ್ಲೋರಿನ್ ಹೊರಡುತ್ತದೆ. ಎಮಲ್ಷನ್ ಬಳಿಯುವುದಾದರೆ ಕುಂಡ ಪೂರ್ತಿ ಒಣಗಿರಬೇಕು. ಮುಟ್ಟಿದರೆ ಒಣಗಿದಂತೆ ಕಂಡರೂ ಒಳಗೆ ತೇವ ಉಳಿದಿರುತ್ತದೆ. ಗೋಡೆಗೆ ಅಂಗೈಯಗಲ ಪ್ಲಾಸ್ಟಿಕ್ ತುಂಡನ್ನು ನಾಲ್ಕೂ ಕಡೆ ಟೇಪ್‌ನಿಂದ ಅಂಟಿಸಿ, ಒಂದು ಗಂಟೆ ಬಿಸಿಲಿಗಿಡಿ. ಒಳಗೆ ಬೆವರು ಹನಿ ಕಂಡರೆ ಇನ್ನೂ ಒಣಗಿಸಿ.

ಇನ್ನು ಗೋಪುರ. ಗೆಣ್ಣಿನಿಂದ ಕುಂಡವನ್ನು ತಟ್ಟಿ ನೋಡಿ. ಠಣ್ ಎಂದರೆ ಗಟ್ಟಿ. ಒಣಗಿದ ಮೇಲೂ ದಬ್ ಎಂದರೆ ಎಲ್ಲೋ ಬಿರುಕಿದೆ, ಅದಕ್ಕೆ ಭಾರ ಹೊರಿಸಬೇಡಿ. ಬಾಯಿಯ ಅಗಲ 30, 25, 20, 15, 12 ಸೆಂ.ಮೀ. ಇರುವ ಐದು ಕುಂಡಗಳಿಗೆ 12 ಮಿ.ಮೀ. ದಪ್ಪದ, ಒಂದೂವರೆ ಮೀಟರ್ ಉದ್ದದ ಕಬ್ಬಿಣದ ಸರಳು ಬೇಕು. ಅದರಲ್ಲಿ ಅರ್ಧ ಮೀಟರ್ ನೆಲದೊಳಗೆ ಹೋಗಬೇಕು. ದೊಡ್ಡ ಕುಂಡ ನೆಟ್ಟಗೆ ಕೂರುತ್ತದೆ, ಅದರ ಮಣ್ಣನ್ನು ಒತ್ತಿ ಒತ್ತಿ ತುಂಬಿ, ನೀರು ಹಾಕಿ, ಒಂದು ರಾತ್ರಿ ಇಳಿಯಲು ಬಿಟ್ಟು ಮತ್ತೆ ತುಂಬಿ. ಮಣ್ಣು ಇಳಿಯಲು ಬಿಡದೆ ಆತುರಪಟ್ಟರೆ ಗೋಪುರ ಬೇಗ ಕುಸಿಯಬಹುದು. ಮುಂದಿನವು ಒಂದು ಎಡಕ್ಕೆ, ಒಂದು ಬಲಕ್ಕೆ ವಾಲಿ, ಕೆಳಗಿನದರ ಅಂಚಿಗೆ ಒರಗಬೇಕು.

ವಾಲಿದ ಕುಂಡದ ತೂತು 25 ಮಿ.ಮೀ.ಗಿಂತ ಚಿಕ್ಕದಿದ್ದರೆ ಸರಳು ತೂತಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ. ಆಗ ಭಾರವೆಲ್ಲ ಅಲ್ಲೇ ಬಿದ್ದು ತಳ ಸೀಳುತ್ತದೆ. ದೊಡ್ಡದು ಮಾಡಲು ಕುಂಡವನ್ನು ಒಂದು ಗಂಟೆ ನೀರಲ್ಲಿ ನೆನೆಸಿ, ಡ್ರಿಲ್‌ನ ಹ್ಯಾಮರ್ (ಕುಟ್ಟುತ್ತಾ ಕೊರೆಯುವ ವ್ಯವಸ್ಥೆ) ಆಫ್ ಮಾಡಿ, ನಿಧಾನದ ವೇಗದಲ್ಲಿ ಕೊರೆಯಿರಿ. ವಾಲಿಸಿದಾಗ ನಡುವಿನ ತೂತಿಗಿಂತ ತಳದ ಒಂದು ಮೂಲೆ ಕೆಳಗಾಗುವುದರಿಂದ ನೀರು ಅಲ್ಲಿ ನಿಂತು ಬೇರು ಕೊಳೆಯುತ್ತದೆ. ಆ ಮೂಲೆಯಲ್ಲಿ 8 ಮಿ.ಮೀ.ನ ಇನ್ನೊಂದು ತೂತು ಇರಲೇಬೇಕು. ಒಳಗೆ ವಾಟರ್‌ಪ್ರೂಫಿಂಗ್ ಹಚ್ಚುವವರು ಎಲ್ಲ ತೂತುಗಳನ್ನೂ ಕೊರೆದು ಮುಗಿಸಿದ ಮೇಲೆಯೇ ಹಚ್ಚಿ. ಕೊರೆದ ಅಂಚು ಹಸಿಯಾಗಿ ಉಳಿದರೆ ನೀರು ಅಲ್ಲಿಂದಲೇ ಗೋಡೆಗೆ ಸೇರುತ್ತದೆ.