ಅಳಿಸಿಹೋದ ಒಂದು ಸಂದೇಶ

ಸ್ನೇಹಿತರ ಅತಿಯಾದ ಹಚ್ಚಿಕೊಳ್ಳುವಿಕೆಯಿಂದ ಬೇಸತ್ತು ಆಪ್ತಸಮಾಲೋಚನೆಗೆ ಬರುವ ಕೆಲವರು 1992ರ ‘ಸಿಂಗಲ್ ವೈಟ್ ಫೀಮೇಲ್’ ಚಿತ್ರದ ಮಾತೆತ್ತುತ್ತಾರೆ. ಬಾರ್ಬೆ ಶ್ರೋಡರ್ ನಿರ್ದೇಶನದ ಆ ಚಿತ್ರದಲ್ಲಿ, ಮದುವೆಯಾಗಬೇಕಿದ್ದ ಸ್ಯಾಮ್‌ನಿಂದ ದೂರವಾದ ಆ್ಯಲಿ, ನ್ಯೂಯಾರ್ಕಿನ ತನ್ನ ಮನೆಯನ್ನು ಹಂಚಿಕೊಳ್ಳಲು ಜಾಹೀರಾತು ಕೊಟ್ಟು ಹೆಡಿ ಎಂಬವಳನ್ನು ಸೇರಿಸಿಕೊಳ್ಳುತ್ತಾಳೆ. ಆ್ಯಲಿಯಂತೆಯೇ ಕೂದಲು ಕತ್ತರಿಸಿ, ಅದೇ ಬಣ್ಣ ಹಚ್ಚಿಸಿಕೊಂಡು ಹೆಡಿ ಎದುರು ನಿಲ್ಲುವ ದೃಶ್ಯವನ್ನು ನೋಡಿದವರು ಮರೆಯುವುದಿಲ್ಲ.

ನನ್ನನ್ನು ಹೆಚ್ಚು ಕಾಡುವುದು ಬೇರೊಂದು ದೃಶ್ಯ. ರಾಜಿಯಾಗೋಣವೆಂದು ಸ್ಯಾಮ್ ಫೋನಿನಲ್ಲಿ ಬಿಟ್ಟ ಸಂದೇಶವನ್ನು ಹೆಡಿ ಸದ್ದಿಲ್ಲದೆ ಅಳಿಸಿಹಾಕುತ್ತಾಳೆ. ಗೆಳತಿಯ ಉಡುಗೆ, ಮಾತಿನ ಧಾಟಿ ನಮಗೆ ಅಂಟಿಕೊಳ್ಳುವುದು ತೀರಾ ಸಹಜ. ತನ್ನಂಥ ಮತ್ತೊಬ್ಬರು ಬೇಕೆನ್ನುವ ಈ ಹಂಬಲವನ್ನು ಮನೋವಿಶ್ಲೇಷಕ ಹೈನ್ಸ್ ಕೊಹುಟ್ ಮನುಷ್ಯನ ಮೂಲಭೂತ ಅಗತ್ಯಗಳಲ್ಲಿ ಒಂದೆಂದು ಗುರುತಿಸಿ, ಅದಕ್ಕೆ ಅವಳಿತನದ ಹೆಸರನ್ನೇ ಕೊಟ್ಟರು. ಹೆಡಿಯ ಅವಳಿ ಸೋದರಿ ಬಾಲ್ಯದಲ್ಲಿ ನೀರಿನಲ್ಲಿ ಮುಳುಗಿ ಸತ್ತಿದ್ದಳೆಂಬುದು ಚಿತ್ರದಲ್ಲಿ ಆಮೇಲೆ ತಿಳಿಯುತ್ತದೆ. ಆದರೆ ಇನ್ನೊಬ್ಬರ ಬದುಕಿಗೆ ಬರುವ ದಾರಿಗಳನ್ನು ಅವರಿಗೇ ಗೊತ್ತಾಗದಂತೆ ಮುಚ್ಚತೊಡಗಿದಾಗ ಆ ಹಂಬಲ ಅಪಾಯದ ಗೆರೆ ದಾಟಿರುತ್ತದೆ.

ಹೀಗೆ ಬಂದ ಯುವತಿಯೊಬ್ಬರನ್ನು, ‘ಇವತ್ತು ಸಿಗಲಾಗುವುದಿಲ್ಲ ಎಂದರೆ ಆ ಗೆಳತಿ ಏನು ಮಾಡುತ್ತಾರೆ?’ ಎಂದು ಕೇಳಿದೆ. ಅವರು ಉತ್ತರಿಸದೆ ಫೋನನ್ನು ನನ್ನತ್ತ ತಿರುಗಿಸಿ, ಕರೆಗಳ ಪಟ್ಟಿಯನ್ನು ಬೆರಳಿನಿಂದ ಮೇಲಕ್ಕೆ ಸರಿಸುತ್ತಲೇ ಹೋದರು. ಎಷ್ಟು ಸರಿಸಿದರೂ ಅಲ್ಲಿದ್ದದ್ದು ಒಂದೇ ಹೆಸರು. ಪ್ರತಿ ಸಲವೂ ಕೊನೆಗೆ ಸೋತು ಕರೆ ಸ್ವೀಕರಿಸುತ್ತಿದ್ದರಂತೆ. ಇಪ್ಪತ್ತನೆಯ ಕರೆಗೆ ಓಗೊಟ್ಟರೆ, ಇಪ್ಪತ್ತು ಸಲ ಪ್ರಯತ್ನಿಸಬೇಕೆಂಬ ಪಾಠವನ್ನು ನಾವೇ ಕಲಿಸಿದಂತಾಗುತ್ತದೆ. ಹಾಗಾಗಿ ಯಾವಾಗ ಮಾತಿಗೆ ಸಿಗುತ್ತೇವೆಂದು ಮೊದಲೇ ಸ್ಪಷ್ಟವಾಗಿ ತಿಳಿಸಿ, ಅಳು, ಸಿಟ್ಟು, ಉಡುಗೊರೆ ಏನೇ ಬಂದರೂ ಅದನ್ನು ಬದಲಿಸದಿರಬೇಕಾಗುತ್ತದೆ. ಪ್ರಾಣ ಕಳೆದುಕೊಳ್ಳುವ ಮಾತು ಬಂದರೆ ಒಬ್ಬರೇ ಹೊರಲು ಹೋಗದೆ, ತಕ್ಷಣ ಅವರ ಮನೆಯವರಿಗೂ ವೈದ್ಯರಿಗೂ ತಿಳಿಸಬೇಕು. ಬೆನ್ನಟ್ಟುವುದು, ಬೆದರಿಸುವುದು ಶುರುವಾದರೆ ಸಂದೇಶಗಳನ್ನು ಅಳಿಸದೆ ಪೊಲೀಸರ ಬಳಿ ಹೋಗಬೇಕು.

ಚಿತ್ರದ ಬಗ್ಗೆ ನನಗೊಂದು ಗಂಭೀರವಾದ ತಕರಾರಿದೆ. ಹೆಡಿಯನ್ನು ಕಂಡ ಪ್ರೇಕ್ಷಕರು ಅವಳಿಗೆ ಸುಲಭವಾಗಿ ಅಂಟಿಸುವ ಹಣೆಪಟ್ಟಿ ‘ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್’, ಅಂದರೆ ಭಾವನೆಗಳೂ ಸಂಬಂಧಗಳೂ ತೀರಾ ಅಸ್ಥಿರವಾಗಿರುವ ವ್ಯಕ್ತಿತ್ವದ ತೊಂದರೆ. 1980ರಲ್ಲಿ ಅಮೆರಿಕದ ಮನೋವೈದ್ಯರ ರೋಗಸೂಚಿಯನ್ನು ಸೇರಿದ ಈ ತೊಂದರೆಯನ್ನು ಗುರುತಿಸಲು 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು; ತನ್ನನ್ನು ತೊರೆದುಬಿಡುತ್ತಾರೆಂಬ ಭಯದಿಂದ ಮಾಡುವ ಹತಾಶ ಪ್ರಯತ್ನ ಅವುಗಳಲ್ಲಿ ಮೊದಲನೆಯದು. ಹೆಡಿಯಲ್ಲಿ ಆ ಭಯ ಕೊಲೆಗೆ ತಿರುಗುತ್ತದೆ. ನಿಜಜೀವನದಲ್ಲಿ ಈ ತೊಂದರೆಯುಳ್ಳವರು ಹೆಚ್ಚಾಗಿ ನೋಯಿಸಿಕೊಳ್ಳುವುದು ತಮ್ಮನ್ನೇ. ಇವರಿಗೆಂದು, ತೀವ್ರ ಭಾವನೆಗಳನ್ನು ನಿಭಾಯಿಸಲು ಕಲಿಸುವ ‘ಡಯಲೆಕ್ಟಿಕಲ್ ಬಿಹೇವಿಯರ್ ಥೆರಪಿ’ ಎಂಬ ಮನೋಚಿಕಿತ್ಸೆಯನ್ನು ರೂಪಿಸಿದ ಅಮೆರಿಕದ ಮನೋವಿಜ್ಞಾನಿ ಮಾರ್ಷಾ ಲಿನೆಹನ್, ಹರೆಯದಲ್ಲಿ ತಾವೂ ಇಂಥದೇ ಯಾತನೆಯಲ್ಲಿ ಆಸ್ಪತ್ರೆ ಸೇರಿದ್ದನ್ನು 2011ರಲ್ಲಿ ಬಹಿರಂಗವಾಗಿ ಹೇಳಿಕೊಂಡರು. ಅದನ್ನು ನಾನು ಆ ಯುವತಿಗೆ ತಿಳಿಸಿದಾಗ, ಅವರು ಮೊದಲು ಕೇಳಿದ್ದು ತಮ್ಮ ಗೆಳತಿಯನ್ನು ಎಲ್ಲಿಗೆ ಕಳುಹಿಸಬಹುದು ಎಂದೇ.