ಮೂರನೇ ಬಿಂದು ಸಾಲಿಗೆ ಬಾರದಿದ್ದಾಗ

2ಎಕ್ಸ್ + 3ವೈ = 12. ತರಗತಿಯಲ್ಲಿ ಇದಕ್ಕೆ ನಕ್ಷೆ ಎಳೆಯಲು ಹೇಳಿದ್ದೆ. ಒಬ್ಬ ಹುಡುಗಿ (0, 4) ಮತ್ತು (6, 0) ಎರಡನ್ನೂ ಸರಿಯಾಗಿ ಗುರುತಿಸಿದ್ದಳು. ಮೂರನೆಯದಕ್ಕೆ ಎಕ್ಸ್ = −3 ಹಿಡಿದು, 12ರಲ್ಲಿ 6 ಕಳೆದು, (−3, 2) ಎಂದು ಚುಕ್ಕಿ ಇಟ್ಟಳು. ಅದು ಉಳಿದೆರಡರ ಸಾಲಿಗೆ ಬರಲಿಲ್ಲ. ಸ್ಕೇಲು ತಿರುಗಿಸಿ, ನಡುವೆ ಗೆರೆ ಮುರಿದು, ಮೂರನ್ನೂ ಸೇರಿಸಿಬಿಟ್ಟಳು.

ಲೆಕ್ಕದ ತಪ್ಪು ಚಿಕ್ಕದು. −3ರ ಎರಡರಷ್ಟು −6; ಅದನ್ನು 12ರಿಂದ ಕಳೆದರೆ 18; ವೈ ಬೆಲೆ 6. ನನಗೆ ಚಿಂತೆ ಹತ್ತಿದ್ದು ಆ ಮುರಿದ ಗೆರೆಯದು. ಸರಳರೇಖೆ ಎಳೆಯಲು ಎರಡು ಬಿಂದು ಸಾಕು, ಮೂರನೆಯದನ್ನು ಕೇಳುವುದು ಸಾಕ್ಷಿಗಾಗಿ. ಸಾಕ್ಷಿ ಹೊಂದದಿದ್ದರೆ ಎಕ್ಸ್, ವೈ ಬೆಲೆಗಳನ್ನು ಬರೆದುಕೊಂಡ ಕೋಷ್ಟಕಕ್ಕೆ ಮರಳಬೇಕು. ಆದರೆ ಗೆರೆ ಏಕೆ ಬಾಗಲಾರದು ಎಂದು ಗೊತ್ತಿದ್ದರೆ ತಾನೇ ಮಗು ಮರಳುವುದು?

ಅದನ್ನು ಅವಳ ಹಾಳೆಯಲ್ಲೇ ತೋರಿಸಿದೆ. (0, 4)ರಲ್ಲಿ ಬೆರಳಿಡು. ಬಲಕ್ಕೆ 3 ಮನೆ ಹೋಗು. ಎಕ್ಸ್ 3 ಹೆಚ್ಚಿತು, ಹಾಗಾಗಿ 2ಎಕ್ಸ್ 6 ಹೆಚ್ಚಿತು. ಮೊತ್ತ ಮಾತ್ರ 12ರಲ್ಲೇ ನಿಲ್ಲಬೇಕು. ಆ 6 ಎಲ್ಲಿಂದ ಕಡಿಮೆಯಾಗಬೇಕು? 3ವೈಯಿಂದ. ಅಂದರೆ ವೈ 2 ಇಳಿಯಲೇಬೇಕು. (3, 2)ಕ್ಕೆ ಬಂದೆವು. ಮತ್ತೆ 3 ಬಲಕ್ಕೆ, 2 ಕೆಳಕ್ಕೆ: (6, 0). ಈಗ ಹಿಂದಕ್ಕೆ: (0, 4)ರಿಂದ 3 ಎಡಕ್ಕೆ ಹೋದರೆ 2 ಮೇಲಕ್ಕೆ. ತನ್ನ ಚುಕ್ಕಿ 6ರ ಎತ್ತರದಲ್ಲಿ ಇರಬೇಕಿತ್ತು ಎಂದು ಅವಳೇ ಹೇಳಿದಳು. ಹೆಜ್ಜೆಯ ಅಳತೆ ಎಲ್ಲಿಯೂ ಬದಲಾಗದ್ದರಿಂದ ಗೆರೆ ನೇರ. ಇಳಿಜಾರು ಎಂದರೆ ಈ ಹೆಜ್ಜೆಯೇ, ಸೂತ್ರ ಆಮೇಲೆ ಬಂದರಾಯಿತು.

ಒಂದು ಕಿವಿಮಾತು: ಇಲ್ಲಿ ಎಕ್ಸ್‌ಗೆ 3ರ ಅಪವರ್ತ್ಯಗಳನ್ನೇ (−3, 0, 3, 6) ಆರಿಸಿಕೊಳ್ಳಿ. 1 ಹಿಡಿದರೆ ವೈ 10/3 ಎಂಬ ಭಿನ್ನರಾಶಿಯಾಗುತ್ತದೆ, ಚುಕ್ಕಿ ಅಂದಾಜಿಗೆ ಬೀಳುತ್ತದೆ.

ಇನ್ನೊಂದು ಪರೀಕ್ಷೆ ನನಗೆ ಬಹಳ ಪ್ರಿಯ. ಗೆರೆಯ ಮೇಲೆ, ಕೋಷ್ಟಕದಲ್ಲಿ ಇಲ್ಲದ ಒಂದು ಬಿಂದುವನ್ನು ತೋರಿಸಿ ಎನ್ನುತ್ತೇನೆ. ಯಾರೋ (1.5, 3) ಮುಟ್ಟುತ್ತಾರೆ. ಬೆಲೆ ಹಾಕಿದರೆ 3 + 9, ಸರಿಯಾಗಿ 12. ಗೆರೆಯಿಂದ ಮೇಲಿರುವ (4, 3) ಹಾಕಿದರೆ 17. ಕೆಳಗಿನ (2, 2) ಹಾಕಿದರೆ 10. ಮೇಲಿನ ಬದಿಯೆಲ್ಲ 12ಕ್ಕಿಂತ ಹೆಚ್ಚು, ಕೆಳಗಿನದೆಲ್ಲ ಕಡಿಮೆ, ಗೆರೆಯ ಮೇಲೆ ಮಾತ್ರ ಸಮ. ಚುಕ್ಕಿಗಳನ್ನು ಸೇರಿಸಲು ಎಳೆದ ಗೆರೆ ಎಂದುಕೊಂಡಿದ್ದವರಿಗೆ ಆಗ ಕಾಣುತ್ತದೆ: ಸಮೀಕರಣದ ಪರಿಹಾರಗಳೆಲ್ಲ ಇಲ್ಲೇ ಒತ್ತೊತ್ತಾಗಿ ನಿಂತಿವೆ. ಆ ಸಾಲು ಯಾವ ಕಡೆಗೂ ಮುಗಿಯುವುದಿಲ್ಲ, ಹಾಗಾಗಿಯೇ ಗೆರೆಯ ಎರಡೂ ತುದಿಗೆ ಬಾಣದ ಗುರುತು. ಎರಡು ಅಜ್ಞಾತಗಳ ಸಮೀಕರಣವೊಂದು ರೇಖೆಯನ್ನೇ ಹೇಳುತ್ತದೆ ಎಂಬುದನ್ನು 17ನೇ ಶತಮಾನದಲ್ಲಿ ಫ್ರಾನ್ಸಿನ ಗಣಿತಜ್ಞರಾದ ಡೆಕಾರ್ಟ್ ಮತ್ತು ಫರ್ಮಾ ಬೇರೆಬೇರೆಯಾಗಿ ಕಂಡುಕೊಂಡರು. ಡೆಕಾರ್ಟ್‌ನ ಬರಹ 1637ರಲ್ಲೇ ಹೊರಬಂತು. ಫರ್ಮಾನದು ಅಚ್ಚಾದದ್ದು ಅವನು ತೀರಿಕೊಂಡ ಮೇಲೆ, 1679ರಲ್ಲಿ.

ಅಕ್ಷಗಳ ಮೇಲೆ ಪ್ರಮಾಣ ಒಂದೇ ಸಮನಾಗಿರಲಿ, (2, 3) ಇರಬೇಕಾದಲ್ಲಿ (3, 2) ಬೀಳದಿರಲಿ. ಇವು ಅಭ್ಯಾಸದಿಂದ ಸರಿಹೋಗುತ್ತವೆ.

ಎಕ್ಸ್ = 3 ಎಂಬ ಸಮೀಕರಣ ಬಂದಾಗ ಮಾತ್ರ ತರಗತಿ ಮತ್ತೆ ತಡವರಿಸುತ್ತದೆ. ಹೆಚ್ಚಿನವರು ಅಕ್ಷದ ಮೇಲೆ ಒಂದೇ ಚುಕ್ಕಿ ಇಟ್ಟು ಮುಗಿಸುತ್ತಾರೆ. ‘ವೈ ಇಲ್ಲವಲ್ಲ’ ಎನ್ನುತ್ತಾರೆ. ಅದನ್ನು ಎಕ್ಸ್ + 0 × ವೈ = 3 ಎಂದು ಬರೆಸುತ್ತೇನೆ. ಈಗ ವೈಗೆ ಏನನ್ನಾದರೂ ಹಾಕಿ: 5, −2, 100. ಸೊನ್ನೆ ಎಲ್ಲವನ್ನೂ ನುಂಗುತ್ತದೆ, ಎಕ್ಸ್ 3ರಲ್ಲೇ ನಿಲ್ಲುತ್ತದೆ. (3, 5), (3, −2) ಗುರುತಿಸುತ್ತಿದ್ದಂತೆ ಗೆರೆ ನೆಟ್ಟಗೆ ಏಳುತ್ತದೆ. ಬಲಕ್ಕೆ ಇಡಲು ಒಂದು ಹೆಜ್ಜೆಯೂ ಇಲ್ಲದ ಈ ಗೆರೆಗೆ ಇಳಿಜಾರಿನ ಬೆಲೆ ಎಂಬುದೇ ಇಲ್ಲ.